ಐನೂರು ಲೇಬಲ್ಲಿಗೂ ಅದೇ ಪ್ರೂಫ್

ದಾಂಡೇಲಿಯಲ್ಲಿ ಕೂತು ಸ್ವತಂತ್ರವಾಗಿ ಡಿಸೈನ್ ಮತ್ತು ಡಿಟಿಪಿ ಕೆಲಸ ಮಾಡುವವರ ಬಾಗಿಲಿಗೆ ಎಲ್ಲ ಅಳತೆಯ ಗಿರಾಕಿಗಳೂ ಬರುತ್ತಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಸುತ್ತ ಬೆಳೆದ ಊರು ನಮ್ಮದು. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ, ಇಂಜಿನಿಯರಿಂಗ್ ಕಾಲೇಜಿದೆ. ಜೋಯಿಡಾ ತಾಲೂಕಿನ ಗಣೇಶಗುಡಿಯ ಕಡೆ ಕಾಳಿ ನದಿಯ ದಂಡೆಯುದ್ದಕ್ಕೂ ರಾಫ್ಟಿಂಗಿನವರು, ರೆಸಾರ್ಟಿನವರು, ಹೋಮ್‌ಸ್ಟೇಯವರು. ಮುಂಡಗೋಡದಲ್ಲಿ 1966ರಿಂದ ನೆಲೆ ನಿಂತ ಟಿಬೆಟನ್ನರ ಕ್ಯಾಂಪುಗಳು, ಅಲ್ಲಿನ ದೊಡ್ಡ ದೊಡ್ಡ ಬೌದ್ಧ ಮಠಗಳು. ಇವರ ನಡುವೆಯೇ ಗೆಡ್ಡೆ ಗೆಣಸು ಬೆಳೆಯುವ ಕುಣಬಿ ರೈತರು, ಕೌದಿ ಹೊಲಿಯುವ ಸಿದ್ದಿ ಹೆಂಗಸರು, ಸಂಜೀವಿನಿ ಒಕ್ಕೂಟದವರು, ಹೊಸದಾಗಿ ಚಹಾದಂಗಡಿ ಹಾಕುವವರು.

ಇಂಥ ಕಡೆ ಕೆಲಸ ಮಾಡುವ ನಮ್ಮಂಥವರಲ್ಲಿ ಎರಡು ಚಾಳಿ ಬೇಗ ಅಂಟಿಕೊಳ್ಳುತ್ತವೆ. ಸಣ್ಣವರನ್ನು ಕಾಯಿಸುತ್ತೇವೆ, ದೊಡ್ಡವರಿಗೆ ಹೆದರುತ್ತೇವೆ. ಎರಡರ ಬೇರೂ ಒಂದೇ ಎಂಬುದು ನನ್ನ ಅಭಿಪ್ರಾಯ: ಕೆಲಸವನ್ನು ಬಿಟ್ಟು ಆಳನ್ನು ನೋಡುವುದು. ಈ ನಾಲ್ಕು ತಾಲೂಕುಗಳಲ್ಲಿ ಓಡಾಡಿ ಕಲಿತದ್ದನ್ನು, ಈಗಷ್ಟೇ ಈ ದಂಧೆಗೆ ಇಳಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

1. ಎಲ್ಲರಿಗೂ ಒಂದೇ ನಮೂನೆಯ ಕಾಗದ ಕೊಡಿ

ನನ್ನ ಕೊಟೇಶನ್ ಒಂದೇ ಪುಟದ್ದು. ಏನು ಕೆಲಸ, ಮೊದಲ ಕರಡು ಯಾವಾಗ, ಎಷ್ಟು ಸಲ ತಿದ್ದಿಕೊಡುತ್ತೇನೆ, ಕೊನೆಯ ಪ್ರತಿ ಯಾವಾಗ, ಒಟ್ಟು ಎಷ್ಟು ಹಣ, ಅದರಲ್ಲಿ ಅಡ್ವಾನ್ಸ್ ಎಷ್ಟು, ಕೆಲಸ ಮುಗಿದ ಮೇಲೆ ಯಾವ ಯಾವ ಫೈಲ್ ಅವರ ಕೈಗೆ ಸೇರುತ್ತದೆ. ರೆಸಾರ್ಟಿಗೆ ಇದು ಇಂಗ್ಲಿಷಿನಲ್ಲಿ ಹೋಗುತ್ತದೆ, ಕಿರಾಣಿ ಅಂಗಡಿಗೆ ಕನ್ನಡದಲ್ಲಿ. ಒಳಗಿನ ಮಾತು ಒಂದೇ.

"ಇಷ್ಟ್ ಸಣ್ಣ ಕೆಲಸಕ್ಕ ಕಾಗದ ಯಾಕ್ರೀ, ಮಾಡಿಬಿಡ್ರಿ, ಆಮ್ಯಾಲ ನೋಡೋಣು" ಎನ್ನುವವರು ಬಹಳ. ಆದರೂ ಬಿಡಬೇಡಿ. ಕಂಪನಿಯ ಮ್ಯಾನೇಜರಿಗೆ ಕಾಗದವಿಲ್ಲದಿದ್ದರೂ ಪ್ರಶ್ನೆ ಕೇಳುವ ಧೈರ್ಯ ಇರುತ್ತದೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದವರಿಗೆ ದರ ಕೇಳಲೂ ಸಂಕೋಚ, ತಡವಾಯಿತು ಎನ್ನಲೂ ಸಂಕೋಚ. ಕೈಯಲ್ಲಿ ಕಾಗದವಿದ್ದರೆ ಅದನ್ನು ತೋರಿಸಿ ಕೇಳುತ್ತಾರೆ. ಆ ಕಾಗದ ನಮಗಿಂತ ಅವರಿಗೇ ಹೆಚ್ಚು ಬೇಕು.

2. ತಪ್ಪು ಯಾರ ಮೇಲೆ ಎಷ್ಟು ಭಾರ ಎಂದು ಲೆಕ್ಕ ಹಾಕಿ

ಒಂದು ರೆಸಾರ್ಟಿನ ಬ್ರೋಷರಿನಲ್ಲಿ ಫೋನ್ ನಂಬರ್ ತಪ್ಪಾಯಿತು ಎನ್ನಿ. ಬೈಗುಳ ತಿನ್ನಬೇಕಾಗುತ್ತದೆ, ಆದರೆ ಅವರು ಮರುಮುದ್ರಣಕ್ಕೆ ಹಣ ತೆಗೆದಿಡಬಲ್ಲರು. ಜೋಯಿಡಾದ ಒಂದು ಮಹಿಳಾ ಸಂಘ ಮುರುಗಲಿನ ಶರಬತ್ತಿಗೆ 500 ಲೇಬಲ್ ಮಾಡಿಸುತ್ತದೆ. ಹಣ್ಣು ಸಿಗುವುದು ಬೇಸಿಗೆಯ ಕೊನೆಗೆ ಕೆಲವೇ ವಾರ. ಆ ಲೇಬಲ್ ತಪ್ಪಾದರೆ ಅಂಗಡಿಯವನು ಬಾಟಲಿ ಇಟ್ಟುಕೊಳ್ಳುವುದಿಲ್ಲ, ಆ ವರ್ಷದ ದುಡಿಮೆಯೇ ಮೂಲೆ ಸೇರುತ್ತದೆ. ಮೊತ್ತ ಸಣ್ಣದು, ಪೆಟ್ಟು ದೊಡ್ಡದು.

ಆದ್ದರಿಂದ ಆಹಾರದ ಲೇಬಲ್ ಹಿಡಿದು ಯಾರು ಬಂದರೂ ನಾನು ಪಟ್ಟಿ ಹಿಡಿದೇ ಕೂರುತ್ತೇನೆ. ಪದಾರ್ಥದ ಹೆಸರು, ಅದರಲ್ಲಿ ಏನೇನು ಹಾಕಿದ್ದಾರೆ, ನಿವ್ವಳ ಪ್ರಮಾಣ, ಬ್ಯಾಚ್ ನಂಬರ್, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸಬಹುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಚೌಕಟ್ಟಿನೊಳಗೆ ಸಸ್ಯಾಹಾರದ ಹಸಿರು ಚುಕ್ಕೆ, ತಯಾರಕರ ಪೂರ್ತಿ ವಿಳಾಸ, ದೂರು ಹೇಳಲು ಫೋನ್. ಇದೆಲ್ಲದರ ಜೊತೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಗಳ ಸಂಖ್ಯೆ. ಈ ಸಂಖ್ಯೆ 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ಉತ್ಪಾದಕರ ನೋಂದಣಿ. ಸಂಘದವರು ಬಾಯಲ್ಲಿ ಹೇಳಿದ ಸಂಖ್ಯೆಯನ್ನು ಟೈಪ್ ಮಾಡಬಾರದು, ಪ್ರಮಾಣಪತ್ರದ ಫೋಟೊ ತರಿಸಿಕೊಳ್ಳಬೇಕು. ಆಮೇಲೆ ಎರಡೆರಡು ಅಂಕಿಯಾಗಿ ನಾನು ಓದುತ್ತೇನೆ, ಅವರು ಕಾಗದದ ಮೇಲೆ ಬೆರಳಿಟ್ಟು "ಹೂಂ" ಅನ್ನುತ್ತ ಬರುತ್ತಾರೆ. ಮತ್ತೆ ಹಿಂದುಮುಂದಾಗಿ ಒಂದು ಸಲ, ಕೊನೆಯ ಅಂಕಿಯಿಂದ ಮೊದಲಿಗೆ. ಮುಂದಿನಿಂದ ಓದುವಾಗ ನಾಲಿಗೆ ರೂಢಿಯ ಮೇಲೆ ಓಡಿಬಿಡುತ್ತದೆ. ಹಿಂದಿನಿಂದ ಓದಿದಾಗ ತಪ್ಪಿದ ಸೊನ್ನೆ ಅಲ್ಲೇ ಸಿಕ್ಕಿಬೀಳುತ್ತದೆ. ಕಂಪನಿಯ ಕೆಲಸಕ್ಕೆ ಹಿಡಿಯುವಷ್ಟೇ ಹೊತ್ತು ಇದಕ್ಕೂ ಹಿಡಿಯುತ್ತದೆ. ಹಿಡಿಯಲಿ.

3. ಪ್ರೂಫ್ ತೋರಿಸಿದರೆ ಸಾಲದು, ಓದಿ ಹೇಳಿ

ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿ, "24 ತಾಸಿನೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ" ಎಂದು ಬರೆಯುವ ಪದ್ಧತಿ ಕಂಪನಿಗಳ ಜೊತೆ ನಡೆಯುತ್ತದೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಸಿಗ್ನಲ್ಲೇ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಯಾರಾದರೂ ದಿಣ್ಣೆ ಹತ್ತಿದಾಗ, ಪೇಟೆಗೆ ಬಂದಾಗ ಮೆಸೇಜ್ ಇಳಿಯುತ್ತದೆ. ಅವರಿಗೂ ಅದೇ 24 ತಾಸಿನ ಗಡಿಯಾರ ಕಟ್ಟಿದರೆ ಸಮಾನತೆ ಆಗುವುದಿಲ್ಲ, ಅನ್ಯಾಯವಾಗುತ್ತದೆ. ಸಮಾನವಾಗಿರಬೇಕಾದದ್ದು ಒಪ್ಪಿಗೆ ಪಡೆಯುವ ನಿಷ್ಠೆ. ಅವರು ನೋಡಿ ಒಪ್ಪದೆ ಯಾವುದೂ ಪ್ರೆಸ್ಸಿಗೆ ಹೋಗಬಾರದು.

ಓದಲು ಬಾರದವರಿಗೆ, ಕನ್ನಡಕ ಮರೆತು ಬಂದವರಿಗೆ, ಮನೆಯಲ್ಲಿ ಕೊಂಕಣಿ ಮರಾಠಿ ಆಡಿ ಕನ್ನಡ ಓದುವುದು ನಿಧಾನವಾದವರಿಗೆ ಪೂರ್ತಿ ಓದಿ ಹೇಳುತ್ತೇನೆ. ದೂರದವರಿಗೆ ವಾಯ್ಸ್ ಮೆಸೇಜ್ ಹಾಕುತ್ತೇನೆ. ಒಬ್ಬ ಅಜ್ಜಿ ಹೀಗೆ ಕೇಳುತ್ತ ಕೂತಿದ್ದವಳು, ಪಟ್ಟನೆ "ತಮಾ, ಸಕ್ಕರಿ ಅಂತ ಬರದೀಯಲ್ಲ, ನಾವ್ ಹಾಕೋದು ಬೆಲ್ಲ" ಎಂದಳು. ಸಂಘದ ಯಾರೋ ಕೊಟ್ಟ ಹಳೆಯ ಬರಹದಲ್ಲೇ ಆ ತಪ್ಪಿತ್ತು. ಕಣ್ಣಿಗೆ ತಪ್ಪಿದ್ದು ಕಿವಿಗೆ ಬಿತ್ತು.

ಅಂದ ಹಾಗೆ, ಪಂಚಾಯಿತಿ ಮತ್ತು ಸಂಘಗಳಿಂದ ಬರುವ ಬರಹ ಇನ್ನೂ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಇರುವುದುಂಟು. ಯೂನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತು ಎಗರಿಹೋಗುತ್ತದೆ, ಒತ್ತಕ್ಷರ ಜಾಗ ಬಿಡುತ್ತದೆ. ಬದಲಿಸಿದ ಮೇಲೆ ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಲೇಬೇಕು, ಅದು ನೂರು ರೂಪಾಯಿಯ ಕರಪತ್ರವಾದರೂ.

4. ಬಾರದ ಲಿಪಿಯ ಮುಂದೆ ಎಚ್ಚರ

ಮುಂಡಗೋಡದ ಕ್ಯಾಂಪಿನ ಕೆಲಸಗಳಲ್ಲಿ ಟಿಬೆಟನ್ ಲಿಪಿ ಬರುತ್ತದೆ. ಅದರಲ್ಲಿ ಪದಗಳ ನಡುವೆ ನಮ್ಮಂತೆ ಖಾಲಿ ಜಾಗವಿಲ್ಲ, ಒಂದೊಂದು ಉಚ್ಚಾರದ ತುಂಡಿನ ನಂತರ ಒಂದು ಚುಕ್ಕೆ. ಸಾಲು ಮುರಿಯುವುದಾದರೆ ಆ ಚುಕ್ಕೆಯ ನಂತರವೇ ಮುರಿಯಬೇಕು. ವಾಕ್ಯ ಮುಗಿದುದನ್ನು ತೋರಿಸುವ ನೆಟ್ಟಗಿನ ಗೀಟು ಹೊಸ ಸಾಲಿನ ತಲೆಗೆ ಬರಬಾರದು. ಇದು ಗೊತ್ತಿಲ್ಲದೆ ಅಂದಕ್ಕೆಂದು ಸಾಲು ಎಳೆದರೆ ಓದುವವರಿಗೆ ಅಸಹ್ಯ. ಮಠದ ದೊಡ್ಡ ಪೋಸ್ಟರಿರಲಿ, ಕ್ಯಾಂಪಿನ ಸಣ್ಣ ಊಟದ ಹೋಟೆಲಿನ ಮೆನು ಇರಲಿ, ಆ ಲಿಪಿ ಓದುವ ಒಬ್ಬರ ಸಹಿ ಬೀಳುವವರೆಗೆ ನಾನು ಫೈಲ್ ಬಿಡುವುದಿಲ್ಲ.

ಅಲ್ಲಿನ ಗೆಸ್ಟ್‌ಹೌಸಿಗೆ ವೆಬ್‌ಸೈಟ್ ಮಾಡುವವರು ಇನ್ನೊಂದು ಮಾತು ನೆನಪಿಡಿ. ಕ್ಯಾಂಪಿನಲ್ಲಿ ಉಳಿಯುವ ವಿದೇಶೀಯರಿಗೆ ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ಪಿಎಪಿ ಅನ್ನುತ್ತಾರೆ. ಗಿರಾಕಿ ಹೇಳದಿದ್ದರೂ ಕೇಳಿ ತಿಳಿದು ಅದನ್ನು ಪುಟದ ಮೇಲೆ ಹಾಕುವುದು ನಮ್ಮ ಕೆಲಸ. ನಾಲ್ಕೇ ಕೋಣೆಯ ಗೆಸ್ಟ್‌ಹೌಸ್ ಎಂದು ಆ ಮಾತು ಹಾಕದೆ ಬಿಟ್ಟರೆ, ದೂರ ದೇಶದಿಂದ ಬಂದವರು ಬಾಗಿಲಲ್ಲಿ ನಿಂತು ಪೇಚಾಡುತ್ತಾರೆ.

5. ಸರದಿ ಮುರಿಯಬೇಡಿ

ನಮ್ಮ ಕಡೆ ದಸರೆಯಿಂದ ಜನವರಿವರೆಗೆ ಉಸಿರಾಡಲು ಬಿಡುವಿಲ್ಲ. ಮಳೆ ನಿಂತು ಪ್ರವಾಸಿಗರು ಬರುತ್ತಾರೆ, ಹಳಿಯಾಳದ ಕಡೆ ಕಬ್ಬು ಅರೆಯುವ ಹಂಗಾಮು, ದೀಪಾವಳಿಯ ಅಂಗಡಿ ಪೂಜೆ, ಮುಂಡಗೋಡದ ಮಠಗಳ ಚಳಿಗಾಲದ ಕಾರ್ಯಕ್ರಮಗಳು, ಜನವರಿಯಲ್ಲಿ ಜೋಯಿಡಾದ ಗೆಡ್ಡೆ ಗೆಣಸು ಮೇಳ. ಎಲ್ಲರಿಗೂ ಎಲ್ಲವೂ ನಾಳೆಯೇ ಬೇಕು. ಆಗ ದೊಡ್ಡ ಮೊತ್ತದ ಕೆಲಸ ಬಂದು ಸಣ್ಣದನ್ನು ಕೆಳಗೆ ತಳ್ಳುತ್ತದೆ.

ನಾನು ಗೋಡೆಗೆ ಒಂದು ಹಾಳೆ ಅಂಟಿಸಿ, ಅಡ್ವಾನ್ಸ್ ಬಂದ ಕ್ರಮದಲ್ಲಿ ಹೆಸರು ಬರೆಯುತ್ತೇನೆ. ಯಾರು ಬಂದರೂ ಅದನ್ನು ನೋಡಬಹುದು. ತುರ್ತು ಎನ್ನುವವರಿಗೆ ಹೆಚ್ಚುವರಿ ದರವಿದೆ, ಅದಕ್ಕೆ ನಾನು ರಾತ್ರಿ ಕೂರುತ್ತೇನೆ. ಮುಂದಿದ್ದವರ ದಿನ ಕದಿಯುವುದಿಲ್ಲ. ಆಗದ ಕೆಲಸಕ್ಕೆ ಅದೇ ದಿನ "ಆಗಲ್ಲ" ಎಂದು ಹೇಳಿ, ಮಾಡಬಲ್ಲ ಇನ್ನೊಬ್ಬರ ಹೆಸರು ಕೊಡುತ್ತೇನೆ. ಸಣ್ಣ ಗಿರಾಕಿಗೆ "ನೋಡೋಣ" ಎನ್ನುವುದು ನಮ್ಮ ದಂಧೆಯ ಅತಿ ಕೆಟ್ಟ ಅಭ್ಯಾಸ.

6. ಪುಕ್ಕಟೆ ಮಾಡಬೇಡಿ

ಬಡವರು, ನಮ್ಮೂರವರು ಎಂದು ಪುಕ್ಕಟೆ ಮಾಡಿಕೊಡುವ ಮನಸ್ಸು ಒಳ್ಳೆಯದೇ. ಆದರೆ ಪುಕ್ಕಟೆ ಪಡೆದವರು "ಇದು ಸರಿಯಾಗಿಲ್ಲ, ಇನ್ನೊಮ್ಮೆ ಮಾಡಿ" ಎಂದು ಹಕ್ಕಿನಿಂದ ಕೇಳಲಾರರು. ಸಿಕ್ಕಷ್ಟಕ್ಕೆ ಕೈಮುಗಿದು ಹೋಗುತ್ತಾರೆ. ಹಣ ಕಡಿಮೆಯಿದ್ದರೆ ಕೆಲಸದ ಅಳತೆ ಕಡಿಮೆ ಮಾಡಿ: ನಾಲ್ಕು ಬಣ್ಣದ ಬದಲು ಒಂದು, ಎಂಟು ಪುಟದ ಬದಲು ಎರಡು. ದರ ಕೆಲಸದ ಮೇಲಿರಲಿ. ಒಂದೇ ಬಗೆಯ ಕೆಲಸಕ್ಕೆ ಕಾರು ನೋಡಿ ಒಂದು, ಚಪ್ಪಲಿ ನೋಡಿ ಒಂದು ದರ ಹೇಳುವುದು ಸಣ್ಣ ಊರಿನಲ್ಲಿ ಸಂಜೆಯೊಳಗೆ ಚಹಾದಂಗಡಿಗೆ ಮುಟ್ಟುತ್ತದೆ.

7. ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ

ರೆಸಾರ್ಟಿನ ಮಾಲೀಕರು ಹಸಿರು ಅಂದರೆ ಮ್ಯಾನೇಜರು ನೀಲಿ ಅನ್ನುತ್ತಾರೆ. ಸಂಘದಲ್ಲಿ ಅಧ್ಯಕ್ಷರದ್ದು ಒಂದು ಮಾತು, ಕಾರ್ಯದರ್ಶಿಯದು ಇನ್ನೊಂದು. ಮೊದಲ ದಿನವೇ ಒಬ್ಬರ ಹೆಸರು ಬರೆಸಿಕೊಳ್ಳಿ.

8. ಒಂದೇ ದೊಡ್ಡ ಕಂಬಕ್ಕೆ ಒರಗಬೇಡಿ

ಫೆರೋ ಅಲಾಯ್ ಕಾರ್ಖಾನೆ, ಪ್ಲೈವುಡ್ ಕಾರ್ಖಾನೆ ಎರಡೂ ಬಾಗಿಲು ಹಾಕಿದ್ದನ್ನು ಕಂಡ ಊರು ದಾಂಡೇಲಿ. ಅವುಗಳನ್ನೇ ನಂಬಿ ಬದುಕಿದವರು ಏನಾದರೆಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ರೆಸಾರ್ಟುಗಳ ಕೆಲಸ ಒಂದೇ ದಿನದಲ್ಲಿ ನಿಂತಿತು. ಆಗ ನನ್ನ ಕಂಪ್ಯೂಟರ್ ನಡೆದದ್ದು ಮನೆಮನೆಗೆ ಸಾಮಾನು ಮುಟ್ಟಿಸುವ ಕಿರಾಣಿ ಅಂಗಡಿಗಳ ಪಟ್ಟಿಗಳಿಂದ, ಔಷಧಿ ಅಂಗಡಿಗಳ ಸೂಚನಾ ಫಲಕಗಳಿಂದ. ಮೊದಲು ಇವರ ಕೆಲಸವನ್ನು ಕೈಬಾಯಿ ಶುದ್ಧವಾಗಿ ಮಾಡಿಕೊಟ್ಟವರಿಗೇ ಆಗ ಫೋನ್ ಬಂತು.

9. ದೊಡ್ಡವರ ಮುಂದೆಯೂ ನೆಟ್ಟಗೆ ನಿಲ್ಲಿ

ಮಹಿಳಾ ಸಂಘದಿಂದ ಅರ್ಧ ಅಡ್ವಾನ್ಸ್ ಕೇಳಿ, ಕಂಪನಿಯಿಂದ ಕೇಳದೆ ಇರುವುದು ಎಂಥ ನ್ಯಾಯ? "ನಮ್ಮಲ್ಲಿ ಅಡ್ವಾನ್ಸ್ ಪದ್ಧತಿ ಇಲ್ಲ" ಎಂದರೆ, ಲಿಖಿತ ಪರ್ಚೇಸ್ ಆರ್ಡರ್ ಬಾರದೆ ಕೆಲಸ ಶುರು ಮಾಡಬೇಡಿ, ಫೋನಿನ ಮಾತು ಸಾಲದು. ಬಿಲ್ಲಿನ ಮೇಲೆ ಹಣ ಬರಬೇಕಾದ ತಾರೀಖು ಬರೆಯಿರಿ. ಟಿಡಿಎಸ್ ಮುರಿದುಕೊಂಡು ಕೊಟ್ಟರೆ, ಆ ಹಣ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ನೋಡಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿಯೊಳಗಿದ್ದು ಜಿಎಸ್‌ಟಿ ನೋಂದಣಿ ಮಾಡಿಸದಿದ್ದರೆ, ದೊಡ್ಡವರಿಂದಾಗಲಿ ಸಣ್ಣವರಿಂದಾಗಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ.

ಬಾಕಿ ಉಳಿಸುವವರ ಬಗ್ಗೆ ಕಾನೂನು ನಮ್ಮ ಕಡೆಗಿದೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ, ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ನೋಂದಾಯಿಸಿಕೊಂಡ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ತಡ ಮಾಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಹೀಗೆ ತಡ ಮಾಡಿದ ಮೊತ್ತವನ್ನು ಕೊಡುವವರೆಗೆ ಕಂಪನಿ ತನ್ನ ಖರ್ಚಿನಲ್ಲಿ ತೋರಿಸಿ ತೆರಿಗೆ ಉಳಿಸಿಕೊಳ್ಳಲೂ ಆಗುವುದಿಲ್ಲ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಅವರ ಲೆಕ್ಕಪತ್ರ ವಿಭಾಗವೇ ಚುರುಕಾಗುತ್ತದೆ.

ಉದ್ಯಮ್ ನೋಂದಣಿಗೆ ಬೇಕಾದದ್ದು ಆಧಾರ್ ಮತ್ತು ಪ್ಯಾನ್. ಸರ್ಕಾರಿ ಜಾಲತಾಣದಲ್ಲಿ ಒಂದು ಪೈಸೆಯೂ ಕೊಡಬೇಕಿಲ್ಲ, ಹಣ ಕೇಳುವ ಏಜೆಂಟರ ಕೈಗೆ ಸಿಗಬೇಡಿ. ಬಾಕಿ ಬಿದ್ದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಅದರ ಬಲ ಸಿಗುವುದು ಕಷ್ಟ. ಈ ವಾರವೇ ಮಾಡಿಸಿಕೊಳ್ಳಿ, ಕೌದಿ ಹೊಲಿಯುವವರಿಗೂ ಶರಬತ್ತು ಮಾಡುವವರಿಗೂ ಮಾಡಿಸಿಕೊಡಿ.