ಏಳು ಮೆಗಾಹರ್ಟ್ಸ್‌ಗೊಂದು ತಂತಿ: 50 ಓಮ್‌ಗೆ ಹೊಂದಿಸುವ ಬಗೆ, ಹಂತ ಹಂತವಾಗಿ

ಹಾನಗಲ್ಲಿನ ಗದ್ದೆಬಯಲಿರಲಿ, ಸವಣೂರು, ಹಿರೇಕೆರೂರಿನ ಎರೆಹೊಲವಿರಲಿ, ಶಿಗ್ಗಾಂವಿಯ ಹೆದ್ದಾರಿ ಬದಿಯ ಮನೆಯಿರಲಿ, ಹ್ಯಾಮ್ ರೇಡಿಯೊ ಶುರುಮಾಡುವವರ ಗಮನವೆಲ್ಲ ಸೆಟ್ಟಿನ ಮೇಲೆ. ಮೊದಲು ಆಂಟೆನಾ ತಂತಿಯ ಕಡೆ ನೋಡಿ ಎನ್ನುತ್ತೇನೆ ನಾನು. ಈಗಿನ ಟ್ರಾನ್ಸ್‌ಮಿಟರ್‌ಗಳು ಎದುರಿಗೆ 50 ಓಮ್ ಇಂಪೀಡೆನ್ಸ್ ಇದೆಯೆಂಬ ಲೆಕ್ಕದಲ್ಲೇ ತಯಾರಾಗುತ್ತವೆ. ಆಂಟೆನಾ ಬೇರೆ ಬೆಲೆ ತೋರಿಸಿದರೆ ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಇದನ್ನು ಹೇಳುವ ಅಂಕಿಯೇ ಎಸ್‌ಡಬ್ಲ್ಯುಆರ್. ಅದು 1.5 ಇದ್ದರೆ ಶೇ 4, 2 ಇದ್ದರೆ ಶೇ 11, 3 ಇದ್ದರೆ ಶೇ 25 ವಾಪಸ್.

ತಂತಿ ಕಟ್ಟುವ ಕೆಲಸ ಇವತ್ತೇ ಆಗಬಹುದು. ಆದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬರುವವರೆಗೆ ಪ್ರಸಾರ ಮಾಡುವಂತಿಲ್ಲ.

ಹಂತ 1: ಜಾಗ. ಸುಮಾರು 17 ಮೀಟರ್ ಉದ್ದದ ಬಯಲು ಸಾಕು. ಕಂಬ ಉರುಳಿದರೂ, ತಂತಿ ಹರಿದು ಬಿದ್ದರೂ ಹೆಸ್ಕಾಂ ವಿದ್ಯುತ್ ಲೈನಿಗೆ ತಾಗಬಾರದು. ಈ ಒಂದು ಮಾತಿನಲ್ಲಿ ರಾಜಿ ಬೇಡ.

ಹಂತ 2: ತಂತಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್. ಮನೆ ವೈರಿಂಗಿಗೆ ಬಳಸುವ ವೈರನ್ನೇ ತಲಾ 10.4 ಮೀಟರಿನ ಎರಡು ತುಂಡು ಮಾಡಿ. ಉದ್ದವಿದ್ದರೆ ಇಳಿಸಬಹುದು, ಗಿಡ್ಡವಾದರೆ ಜೋಡಿಸುವ ಪಾಡು.

ಹಂತ 3: ನಡುಗಂಟು. ಎರಡು ತುಂಡುಗಳ ನಡುವೆ ಪ್ಲಾಸ್ಟಿಕ್ ತುಂಡೊಂದನ್ನಿಟ್ಟು ಬಿಗಿಯಿರಿ. ಒಂದಕ್ಕೆ 50 ಓಮ್ ಕೇಬಲ್ಲಿನ (ಆರ್‌ಜಿ-58 ಸಾಕು) ಒಳತಂತಿ, ಇನ್ನೊಂದಕ್ಕೆ ಹೊರಜಾಲರಿ ಬೆಸುಗೆ ಮಾಡಿ. ಟಿವಿ ಕೇಬಲ್ 75 ಓಮ್, ಅದನ್ನು ಬಿಟ್ಟುಬಿಡಿ. ಗಂಟಿನ ಕೆಳಗೆ ಕೇಬಲ್ಲನ್ನೇ ಆರೇಳು ಸುತ್ತು ಸುರುಳಿ ಮಾಡಿ ಕಟ್ಟಿದರೆ ಜಾಲರಿಯ ಹೊರಮೈ ಹಿಡಿದು ಕರೆಂಟು ಮನೆಯೊಳಗೆ ಇಳಿಯುವುದು ತಗ್ಗುತ್ತದೆ. ಬೆಸುಗೆಯೊಳಗೆ ಮಳೆನೀರು ಇಳಿಯದಂತೆ ಟೇಪು ಸುತ್ತಿ. ಹಾನಗಲ್ಲಿನ ಮಳೆಗಂತೂ ಇದು ಬೇಕೇಬೇಕು.

ಹಂತ 4: ಏರಿಸುವುದು. ನಡುಗಂಟು 8 ಮೀಟರ್ ಎತ್ತರದಲ್ಲಿ, ಎರಡೂ ತುದಿ ನೆಲದಿಂದ ಎರಡೂವರೆ ಮೀಟರ್ ಮೇಲೆ, ಜನ-ದನಕ್ಕೆ ಎಟುಕದಂತೆ ಇರಲಿ. ಬಯಲಲ್ಲಿ ನೇರವಾಗಿ ಎಳೆದ ಇಂಥ ತಂತಿಯ ಇಂಪೀಡೆನ್ಸ್ ಸುಮಾರು 73 ಓಮ್. ಹೀಗೆ ತಲೆಕೆಳಗಾದ ‘ವಿ’ಯಂತೆ ಇಳಿಬಿಟ್ಟರೆ 50ರ ಹತ್ತಿರ ಬರುತ್ತದೆ. ಎತ್ತರ ಕಡಿಮೆಯಾಯಿತೆಂಬ ಚಿಂತೆ ಬೇಡ. ಅಲೆಗಳು ಮೇಲಕ್ಕೆ ಹೋಗಿ ಅಯಾನುಗೋಳದಿಂದ ಮರಳುವುದರಿಂದ, ಹಗಲಿನಲ್ಲಿ ಹಾವೇರಿ, ಧಾರವಾಡ, ಬೆಂಗಳೂರಿನ ಮಾತುಕತೆಗೆ ಇದೇ ಅನುಕೂಲ.

ಹಂತ 5: ಅಳತೆ. ಇಲ್ಲಿ ಅವಸರ ಮಾಡಬೇಡಿ. ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಯಂತ್ರವನ್ನು ಅದರ ಜೊತೆ ಬರುವ ಓಪನ್, ಶಾರ್ಟ್, ಲೋಡ್ ತುಂಡುಗಳಿಂದ ಮೊದಲು ಸರಿಪಡಿಸಿ, ನಂತರ ಕೇಬಲ್ ಸೇರಿಸಿ. 6ರಿಂದ 8 ಮೆಗಾಹರ್ಟ್ಸ್‌ವರೆಗೆ ನೋಡಿದರೆ ಎಸ್‌ಡಬ್ಲ್ಯುಆರ್ ಗೆರೆ ಒಂದು ಕಡೆ ಕೆಳಗೆ ಇಳಿದಿರುತ್ತದೆ. ಅದು 6.8ರಲ್ಲಿ ಇದೆ ಎನ್ನಿ. ಎರಡು ತುಂಡುಗಳ ಒಟ್ಟು ಉದ್ದ 20.8ನ್ನು 6.8ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 19.9 ಮೀಟರ್, ಅಂದರೆ ಪ್ರತಿ ತುದಿಯಲ್ಲೂ ಸುಮಾರು 44 ಸೆಂ.ಮೀ. ಹೆಚ್ಚಾಗಿದೆ. ಕತ್ತರಿ ತೆಗೆಯಬೇಡಿ. ಮೊದಲು 30 ಸೆಂ.ಮೀ.ನಷ್ಟು ಹಿಂದಕ್ಕೆ ಮಡಚಿ, ಅದೇ ತಂತಿಗೆ ಬಿಗಿಯಾಗಿ ಹೊಸೆದು, ಮತ್ತೆ ಏರಿಸಿ ಅಳೆಯಿರಿ. ಎರಡು ತುದಿಗೂ ಸಮವಾಗಿ ಹೀಗೇ ಮಾಡುತ್ತ ಹೋದರೆ ಎಸ್‌ಡಬ್ಲ್ಯುಆರ್ 1.5ರೊಳಗೆ ಬರುತ್ತದೆ. ಅಷ್ಟು ಸಾಕು, 1.1ರ ಬೆನ್ನು ಹತ್ತಬೇಡಿ.

ಹಂತ 6: ಆಗಲೂ ಹೊಂದದಿದ್ದರೆ. ಬೆಸುಗೆ, ಕೇಬಲ್, ಹತ್ತಿರದ ತಗಡಿನ ಮಾಡು ಪರೀಕ್ಷಿಸಿ. ಟ್ಯೂನರ್ ಕೊನೆಗೆ. ಅದರೊಳಗಿರುವುದು ಸುರುಳಿ ಮತ್ತು ಕಂಡೆನ್ಸರ್: 200 ಓಮ್ ತೋರಿಸುವ ತಂತಿಯನ್ನು 7.1ರಲ್ಲಿ 50ಕ್ಕೆ ತರಲು ಸರಣಿಯಲ್ಲಿ ಸುಮಾರು 1.9 ಮೈಕ್ರೊಹೆನ್ರಿ, ಆಂಟೆನಾ ಬದಿಯಲ್ಲಿ ಅಡ್ಡಲಾಗಿ 195 ಪಿಕೊಫ್ಯಾರಡ್. ಮೇಜಿನ ಮೇಲೆ ಟ್ಯೂನರ್ ಇಟ್ಟರೆ ಸೆಟ್ಟು ಸುಖವಾಗಿರುತ್ತದೆ, ಕೇಬಲ್ಲಿನ ನಷ್ಟ ಮಾತ್ರ ಹಾಗೆಯೇ ಉಳಿಯುತ್ತದೆ. ಮಧ್ಯಮ ತರಂಗದ ಆಕಾಶವಾಣಿ ಕೇಂದ್ರಗಳಲ್ಲಿ ಹೊಂದಿಸುವ ಸರ್ಕ್ಯೂಟ್ ಕಂಬದ ಬುಡದಲ್ಲೇ ಇರುವುದು ಇದೇ ಕಾರಣಕ್ಕೆ.

ಮೀಟರನ್ನೇ ಪೂರ್ತಿ ನಂಬಬೇಡಿ. 50 ಓಮ್‌ನ ಡಮ್ಮಿ ಲೋಡ್ ಕೂಡ 1 ತೋರಿಸುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಹೊಂದಿಕೆ ಸರಿಯಿದೆಯೆಂದು ಹೇಳಬೇಕಾದವರು ದೂರದಲ್ಲಿ ನಿಮ್ಮನ್ನು ಕೇಳಿಸಿಕೊಂಡವರು. ಕೊನೆಗೆ, ಸಿಡಿಲಿನ ಎಚ್ಚರ: ಮುಂಗಾರಿಗೆ ಮುಂಚಿನ ಗುಡುಗು ಕೇಳಿಸುವ ಮೊದಲೇ ಕೇಬಲ್ ಕಳಚಿ ಹೊರಗಿಡಿ.