ಪೇಟೆಯ ಕುಲಗಳೂ ಅವುಗಳ ಕಲೆಗಳೂ



ಚರಿತ್ರೆಯ ತರಗತಿಯಲ್ಲಿ ಜಪಾನ್ ದೇಶದ ಪಾಠವನ್ನು ಓದಿದವರಿಗೆ, ಅಲ್ಲಿ 1603 ರಿಂದ 1868 ರ ವರೆಗೆ ತೊಕುಗವ ಮನೆತನದವರು ಆಳಿದರೆಂಬುದೂ, ಆ ಕಾಲದಲ್ಲಿ ಜನರನ್ನು ಯೋಧರು, ರೈತರು, ಕುಶಲಕರ್ಮಿಗಳು, ವರ್ತಕರು ಎಂದು ನಾಲ್ಕು ವರ್ಗಗಳಾಗಿ ಎಣಿಸುತ್ತಿದ್ದರೆಂಬುದೂ ನೆನಪಿದ್ದೀತು. ಯೋಧರು ಗಂಭೀರವಾದ ನೋ ನಾಟಕವನ್ನು ಪೋಷಿಸಿದರು. ಎಣಿಕೆಯಲ್ಲಿ ಕಡೆಯವರಾಗಿದ್ದರೂ ಹಣದಲ್ಲಿ ಮುಂದಾಗಿದ್ದ ವರ್ತಕರು ಕಬುಕಿ ಆಟವನ್ನೂ ಮರದ ಅಚ್ಚಿನ ಬಣ್ಣದ ಚಿತ್ರಗಳನ್ನೂ ಬೆಳೆಸಿದರು. ಅವರ ಆಡಳಿತದ ನೆಲೆಯಾದ ಎದೊ ಪಟ್ಟಣದಲ್ಲಿ ಬಣ್ಣಗಾರರಿಗೆ ಒಂದು ಕೇರಿ, ಕಮ್ಮಾರರಿಗೆ ಮತ್ತೊಂದು ಕೇರಿ. ಇದನ್ನು ಓದುವಾಗ ನಮ್ಮ ಬೆಂಗಳೂರಿನ ಹಳೆಯ ಪೇಟೆಯೇ ಕಣ್ಮುಂದೆ ಬಂದು ನಿಲ್ಲುವುದು.

ಕೃಷ್ಣರಾಜ ಮಾರುಕಟ್ಟೆಯ ಉತ್ತರಕ್ಕೆ ಹೊರಟು ನೋಡಿರಿ. 1537 ರಲ್ಲಿ ಕೆಂಪೇಗೌಡನು ಕಟ್ಟಿಸಿದ ಊರು ಇಲ್ಲಿಯೇ. ದೊಡ್ಡಪೇಟೆ, ಚಿಕ್ಕಪೇಟೆಗಳು ಒಂದನ್ನೊಂದು ಅಡ್ಡಹಾಯುವ ಕೂಡುರಸ್ತೆಯ ಸುತ್ತಲೂ ಅಕ್ಕಿಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಬಳೆಪೇಟೆಯಲ್ಲಿ ವೀಣೆ, ಮೃದಂಗಗಳೂ ದೊರೆಯುವುವೆಂಬುದನ್ನು ಸಂಗೀತ ಕಲಿತ ಮಕ್ಕಳ ತಾಯಂದಿರು ಬಲ್ಲರು. ಹೆಸರು ಕೇಳಿದೊಡನೆಯೇ ಕಸುಬು ತಿಳಿಯುವಂಥ ಊರಿದು.

ಈ ಕುಲಗಳೆಲ್ಲವೂ ಸೌಹಾರ್ದದಿಂದ ಇದ್ದುವೆಂದು ಭಾವಿಸಲಾಗದು. ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣ ಎಂದು ಎರಡು ಕಟ್ಟುಗಳಿದ್ದುವು. ಮೊದಲನೆಯದಕ್ಕೆ ಬಣಜಿಗರು ಮುಖಂಡರು, ಎರಡನೆಯದಕ್ಕೆ ಪಂಚಾಳರು. ತಮ್ಮ ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬಗಳಿರಬೇಕು, ಎಡಗೈಯವರಿಗೆ ಹನ್ನೊಂದೇ ಸಾಕು ಎಂಬುದು ಬಲಗೈಯವರ ವಾದ. ಮೆರವಣಿಗೆಯಲ್ಲಿ ಕುದುರೆ ಏರುವುದೂ ಹನುಮಂತನ ಧ್ವಜ ಹಿಡಿಯುವುದೂ ತಮ್ಮದೇ ಹಕ್ಕೆಂದು ಅವರು ಹೇಳುತ್ತಿದ್ದರು. ಒಂದು ಕಂಬಕ್ಕಾಗಿ ಊರಿಗೆ ಊರೇ ಇಬ್ಭಾಗವಾಗುವುದೆಂದರೆ ಇಂದು ನಮಗೆ ನಗೆ ಬಂದೀತು. ಆದರೆ ಬೀದಿಯಲ್ಲಿ ನಾಲ್ವರ ಮುಂದೆ ತೋರುವ ಕಲೆಯೇ ಅಂದು ಒಂದು ಕುಲದ ಮಾನವಾಗಿತ್ತು.

ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ 1800 ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯ ಸರ್ಕಾರದ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿದನು. 1807 ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಪೇಟೆಯ ನೇಕಾರರ ವಿವರ ಬಹಳವಾಗಿದೆ. ಪಟವೇಗಾರರೂ ಖತ್ರಿಗಳೂ ರೇಷ್ಮೆಯನ್ನು ನೇಯುತ್ತಿದ್ದರು. ದೇವಾಂಗ, ತೊಗಟ, ಬಿಳಿಮಗ್ಗ ಮುಂತಾದವರಿಗೂ ಬೇರೆಬೇರೆ ಮಗ್ಗಗಳು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಜನರೂ ಮಗ್ಗ ಹೂಡಿ ಒರಟಾದ, ಗಟ್ಟಿಯಾದ ಬಿಳಿಯ ಬಟ್ಟೆಯನ್ನು ನೇಯುತ್ತಿದ್ದರು. ನೇಕಾರನ ಕುಲವನ್ನು ಅವನು ಒಂದೊಂದಾಗಿ ಹೆಸರಿಸಿ ಬರೆದಿದ್ದಾನೆ.

ಇಷ್ಟೆಲ್ಲಕ್ಕೂ ನೂಲು ಎಲ್ಲಿಂದ ಬರುತ್ತಿತ್ತು? ನಾನು ಈ ಲೇಖನವನ್ನು ಬರೆಯಹೊರಟುದೇ ಈ ಪ್ರಶ್ನೆಗಾಗಿ. ಬುಕಾನನ್ ಹೇಳುವಂತೆ, ಬ್ರಾಹ್ಮಣರನ್ನು ಬಿಟ್ಟು ಮಿಕ್ಕೆಲ್ಲ ಜಾತಿಗಳ ಸ್ತ್ರೀಯರೂ ವಾರದ ಸಂತೆಯಲ್ಲಿ ಅರಳೆಯನ್ನು ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ಬಲಗೈಯವಳು ನೂತುದೋ ಎಡಗೈಯವಳು ನೂತುದೋ ಎಂದು ಬಟ್ಟೆಯನ್ನು ಬಿಚ್ಚಿ ಹೇಳಬಲ್ಲವರು ಯಾರು? ಹನ್ನೆರಡು ಕಂಬದ ಚಪ್ಪರದಲ್ಲಿ ಕುಳಿತ ವಧುವಿನ ಸೀರೆಗೂ ಹನ್ನೊಂದು ಕಂಬದ ಚಪ್ಪರದವಳ ಸೀರೆಗೂ ಒಂದೇ ಸಂತೆಯ ನೂಲು ಹೊಕ್ಕಿರಬಹುದು. ನೇಕಾರನಿಗೆ ಕುಲದ ಹೆಸರಿತ್ತು, ಬೀದಿಯಿತ್ತು, ಮೆರವಣಿಗೆಯಲ್ಲಿ ಸ್ಥಾನವಿತ್ತು. ನೂಲುವವಳಿಗೆ ಇವು ಯಾವುವೂ ಇರಲಿಲ್ಲ. ಕೈಗೆ ಬರುತ್ತಿದ್ದ ನಾಲ್ಕು ಕಾಸು ಮಾತ್ರ ಅವಳದು. ಅಷ್ಟರಿಂದಲೇ ಎಷ್ಟೋ ವಿಧವೆಯರ ಒಲೆ ಉರಿದಿರಬೇಕು.

ಬಳಿಕ ಯಂತ್ರದ ನೂಲು ಅಗ್ಗವಾಗಿ ಬಂದಿತು. 1884 ರಲ್ಲಿ ಪೇಟೆಯ ಪಶ್ಚಿಮಕ್ಕೆ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೂ ಸ್ಥಾಪಿತವಾಯಿತು. ಇಂದು ಆ ಗಿರಣಿಯೂ ಇಲ್ಲ. ನೇಕಾರರು ಗಿರಣಿಯ ನೂಲನ್ನು ಕೊಂಡು ಮಗ್ಗವನ್ನು ಉಳಿಸಿಕೊಂಡರು. ರಾಟೆ ಮಾತ್ರ ಅಟ್ಟವನ್ನು ಸೇರಿತು.

ಉಳಿದುಬಂದ ಕಲೆಗಳೂ ಇಲ್ಲದಿಲ್ಲ. ತೋಟಗಾರಿಕೆಯಲ್ಲಿ ಹೆಸರಾದ ತಿಗಳರು ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗವನ್ನು ಹೊರಡಿಸುವರು. ಖಡ್ಗ ಹಿಡಿದ ವೀರಕುಮಾರರ ನಡುವೆ ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುವುದು ವಾಡಿಕೆ. ಅದನ್ನು ಹೊರುವವನು ಪುರುಷನಾದರೂ ಸ್ತ್ರೀವೇಷವನ್ನು ಧರಿಸುತ್ತಾನೆ. ಜಪಾನಿನ ಕಬುಕಿಯಲ್ಲಿಯೂ ಪುರುಷರೇ ಸ್ತ್ರೀಪಾತ್ರ ವಹಿಸುವರು. ಆದರೆ ಅಲ್ಲಿಯ ಕಾರಣ ಬೇರೆ. ಆ ಆಟವನ್ನು ಮೊದಲು ಮಾಡಿದವಳೇ ಒಕುನಿ ಎಂಬ ಹೆಂಗಸು; 1629 ರಲ್ಲಿ ಸರ್ಕಾರವು ಹೆಂಗಸರನ್ನು ರಂಗದಿಂದ ಇಳಿಸಿತು.

ಕರಗದ ಮಲ್ಲಿಗೆಯ ಮಾತಿನಿಂದ ಮತ್ತೆ ಮಾರುಕಟ್ಟೆಗೇ ಬರುತ್ತೇನೆ. ಬೆಳಕು ಹರಿಯುವ ಮುನ್ನ ಅಲ್ಲಿ ಹೂವಿನ ರಾಶಿಗಳು ಬೀಳುತ್ತವೆ. ಪಕ್ಕದಲ್ಲಿ ಸಾಲಾಗಿ ಕುಳಿತ ಹೆಂಗಸರು ಗಿರಾಕಿಯೊಡನೆ ಮಾತನಾಡುತ್ತಲೇ, ಕೈಯತ್ತ ನೋಡದೆಯೇ, ದಾರದಲ್ಲಿ ಹೂ ಕಟ್ಟುತ್ತಿರುತ್ತಾರೆ. ಅವರು ಯಾವ ಪೇಟೆಯವರೆಂದು ಯಾರೂ ಕೇಳುವುದಿಲ್ಲ. ಮಾರಾಟವು ಮೊಳದ ಲೆಕ್ಕದಲ್ಲಿ; ಅಳತೆಗೆ ಅವರ ಮೊಳಕೈಯೇ ಗೋಲು.