ಆಯಿಗೆ ತಾರೀಖು ಕೇಳಬೇಡ

ತಮ್ಮಾ,

ರಜೆ ಮುಗಿಸಿ ನೀನು ಬೈಬಲ್ ಕಾಲೇಜಿಗೆ ಹೋಗಿ ಇಂದಿಗೆ ಹನ್ನೊಂದು ದಿನ. ಅಷ್ಟರಲ್ಲಿ ನಿನ್ನ ಆಯಿ ಹಳೇ ಟ್ರಂಕು ತೆಗೆದು ತಳದ ತನಕ ಹುಡುಕಿದ್ದು ಮೂರು ಸಲ. ಸತ್ಯವೇದದ ರಟ್ಟಿನ ಒಳಗೆ, ಮದುವೆ ಕಾಗದದ ಹಿಂದೆ, ಮಿಲ್ಲಿನಲ್ಲಿ ನೂಲಿನ ಕೆಲಸಕ್ಕಿದ್ದಾಗಿನ ಚೀಟಿಗಳ ಮೇಲೆ, ಎಲ್ಲಾದರೂ ಒಂದು ತಾರೀಖು ಸಿಕ್ಕೀತೇ ಎಂದು. ಕಡೆಗೆ ನನ್ನನ್ನೇ ಕೇಳಿದಳು: "ಏನ್ರೀ, ನನಗ ರಕ್ಷಣೆ ಯಾವಾಗ ಆಗೇತಿ, ನಿಮಗೇನರ ನೆನಪೈತೇನು?"

ನೀನು ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಬಲ್ಲೆ. ರೊಟ್ಟಿ ಮುರಿಯುತ್ತಾ, "ಆಯಿ, ನೀ ರಕ್ಷಣೆ ಹೊಂದಿದ್ದು ಯಾವ ದಿನ?" ಎಂದೆ. ಆಕೆ ನಕ್ಕಳು. ನೀನು ಬಿಡಲಿಲ್ಲ. "ದಿನಾ ಗೊತ್ತಿರಬೇಕು. ಗೊತ್ತಿಲ್ಲಂದ್ರ ಆಗಿಲ್ಲಂತನ ಅರ್ಥ" ಎಂದು ರೋಮಾಪುರದವರ ಪತ್ರಿಕೆಯ ಅಧ್ಯಾಯಗಳನ್ನು ಬೆರಳು ಮಡಚಿ ಎಣಿಸಿದೆ. ಆಕೆ ಎದ್ದು ಒಲೆ ಮುಂದೆ ಹೋಗಿ ಕೂತಳು. ಆಗ ನಾನು ನಡುವೆ ಬಾಯಿ ಹಾಕಬೇಕಿತ್ತು. ಹಾಕಲಿಲ್ಲ. ಅದಕ್ಕೇ ಈ ಕಾಗದ.

ವಾದವೇ ಬೇಡ ಎನ್ನುವ ಮುದುಕ ನಾನಲ್ಲ. ಮೂವತ್ತು ವರ್ಷ ಹುಕ್ಕೇರಿ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿದವನು, ಒಂದು ವಿಭಕ್ತಿ ಪ್ರತ್ಯಯಕ್ಕೆ ಜಗಳಾಡಿದವನು. ಮನುಷ್ಯ ಪಾರಾಗುವುದು ಕೃಪೆಯಿಂದಲೋ ಕ್ರಿಯೆಯಿಂದಲೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಪೌಲ ನಂಬಿಕೆಯನ್ನು ಮುಂದೆ ಮಾಡಿದ, ಯಾಕೋಬ ಮಾಡಿ ತೋರಿಸು ಎಂದು ಪಟ್ಟು ಹಿಡಿದ. ಮಾರ್ಟಿನ್ ಲೂಥರನಿಗೆ ಯಾಕೋಬನ ಮೇಲೆ ಎಷ್ಟು ಸಿಟ್ಟೆಂದರೆ, 1522ರಲ್ಲಿ ಹೊಸ ಒಡಂಬಡಿಕೆಗೆ ಬರೆದ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿಬಿಟ್ಟ. ದುಡ್ಡು ಕೊಟ್ಟು ಪಾಪದ ಮಾಫಿ ಚೀಟಿ ಕೊಳ್ಳುತ್ತಿದ್ದ ಕಾಲ ಅದು. ಲೂಥರನದು ರೊಕ್ಕವಿಲ್ಲದವರ ಪರವಾಗಿ, ಅಂದರೆ ನಿನ್ನ ಆಯಿಯಂಥವರ ಪರವಾಗಿ ಎದ್ದ ವಾದ. ಅದನ್ನೇ ನೀನು ಆಕೆಯ ತಾಟಿನ ಮುಂದೆ ಪರೀಕ್ಷೆಯ ಕಾಗದದ ಹಾಗೆ ಇಟ್ಟೆ.

ತಾರೀಖಿನ ಮಾತಿಗೇ ಬರೋಣ. ನಾವು ಮೆಥೋಡಿಸ್ಟರು; ನಮ್ಮ ಜಾನ್ ವೆಸ್ಲಿಗೆ ತಾರೀಖು ಇತ್ತು, ಗಳಿಗೆಯೂ ಇತ್ತು. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಮುಂಚೆ. ಇದನ್ನು ನಿಮಗೆ ಕಲಿಸಿಯೇ ಇರುತ್ತಾರೆ. ಅದಾಗಿ ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲವೆಂದು ಅದೇ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡದ್ದನ್ನೂ ಕಲಿಸಿದರೇನು? ಗಡಿಯಾರ ನೋಡಿ ಬರೆದಿಟ್ಟವನ ಗತಿಯೇ ಹಾಗಾದರೆ, ಗಡಿಯಾರವಿಲ್ಲದ ಮನೆಯಲ್ಲಿ ಮಿಲ್ಲಿನ ಭೊಂಗಾ ಕೇಳಿ ಎದ್ದು ಪ್ರಾರ್ಥಿಸಿದವಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀ?

ನಮ್ಮ ಜಿಲ್ಲೆಯ ಕತೆ ಇನ್ನೂ ಮೋಜಿನದು. ಬೆಳಗಾವಿಗೆ 1820ರಲ್ಲಿ ಜೋಸೆಫ್ ಟೇಲರ್ ಬಂದದ್ದು ಲಂಡನ್ ಮಿಷನ್ನಿನಿಂದ. ಆ ಮಿಷನ್ನಿನ ಹೆಚ್ಚಿನವರು ಕಾಲ್ವಿನ್ನನ ಪರಂಪರೆಯವರು; ಯಾರು ಪಾರಾಗಬೇಕೆಂದು ದೇವರು ಮೊದಲೇ ಆರಿಸಿದ್ದಾನೆ ಎನ್ನುವ ಕಡೆಯವರು. 1904ರಲ್ಲಿ ಅವರು ಇಲ್ಲಿನ ಕೆಲಸವನ್ನೆಲ್ಲ ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿ ಹೊರಟರು. ಇವರು ವೆಸ್ಲಿಯ ಕಡೆಯವರು. ಕೃಪೆ ಎಲ್ಲರಿಗೂ ಇದೆ, ಬೇಡವೆನ್ನುವ ಸ್ವಾತಂತ್ರ್ಯವೂ ಇದೆ ಎನ್ನುವವರು. ಅಂದರೆ ಒಂದು ಕಾಗದಕ್ಕೆ ಸಹಿ ಬಿದ್ದ ದಿನ ನಮ್ಮ ಹಿರಿಯರ ಸಿದ್ಧಾಂತ ಮಗ್ಗುಲು ಬದಲಿಸಿತು. ಅವತ್ತು ಬೆಳಗಾವಿಯ ಯಾವ ಮುದುಕಿಯ ರಕ್ಷಣೆ ಎಷ್ಟು ಹೆಚ್ಚಾಯಿತು, ಎಷ್ಟು ಕಡಿಮೆಯಾಯಿತು? ನಿನ್ನ ಗುರುಗಳನ್ನು ಕೇಳಿ ಬರೆ.

ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಕೂಡ ಈ ಆಯ್ಕೆಯ ವಾದಕ್ಕೇ ಗೆಳೆತನ ಕೆಡಿಸಿಕೊಂಡವರು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ, ಅವನ ಇಚ್ಛೆಯಂತೆ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ.

ಇದು ನಮ್ಮವರೊಬ್ಬರದೇ ಜಗಳ ಎಂದೂ ತಿಳಿಯಬೇಡ. ಶ್ರೀವೈಷ್ಣವರಲ್ಲಿ ವಡಗಲೆಯವರು ಭಕ್ತನನ್ನು ಮಂಗನ ಮರಿ ಎಂದರು: ಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯಬೇಕು. ತೆಂಗಲೆಯವರು ಬೆಕ್ಕಿನ ಮರಿ ಎಂದರು: ಅದು ಸುಮ್ಮನಿರುತ್ತದೆ, ತಾಯಿಯೇ ಕಚ್ಚಿ ಒಯ್ಯುತ್ತದೆ. ಗೋಕಾಕ ಫಾಲ್ಸಿನ ತೂಗುಸೇತುವೆ ಹತ್ತಿರ ಕೂತು ನಾನು ಮಂಗ್ಯಾಗಳನ್ನು ಬೇಕಾದಷ್ಟು ನೋಡಿದ್ದೇನೆ. ಮರಿಯ ಹಿಡಿತ ಸಡಿಲಾದ ಕೂಡಲೇ ತಾಯಿ ಒಂದು ಕೈಯಿಂದ ಅದನ್ನು ಹೊಟ್ಟೆಗೆ ಒತ್ತಿಕೊಂಡು ಮೂರು ಕಾಲಿನಲ್ಲಿ ಕುಂಟುತ್ತಾ ಹೋಗುತ್ತದೆ. ಪಂಡಿತರು ಇನ್ನಷ್ಟು ಹೊತ್ತು ಮಂಗ ನೋಡಬೇಕಿತ್ತು.

2019ರ ಆಗಸ್ಟ್ ನಿನಗೆ ನೆನಪಿರಬೇಕು, ನೀನಾಗ ಮೂಡಲಗಿಯಲ್ಲಿ ನಿಮ್ಮ ಮಾವನ ಮನೆಯಲ್ಲಿದ್ದೆ. ಹಿಡಕಲ್ ಜಲಾಶಯದ ನೀರು ಬಿಟ್ಟಿದ್ದರು, ಮಾರ್ಕಂಡೇಯ ಹೊಳೆಯೂ ತುಂಬಿತ್ತು, ಲೋಳಸೂರ ಸೇತುವೆ ಮುಳುಗಿತ್ತು. ನಾವಿಬ್ಬರೂ ಗೋಕಾಕದಲ್ಲಿ ಪಕ್ಕದ ಮನೆಯವರ ಮಾಳಿಗೆ ಮೇಲೆ ಒಂದು ರಾತ್ರಿ ಕಳೆದೆವು. ಬೆಳಿಗ್ಗೆ ಬೋಟು ಬಂತು. ಆಯಿಯ ಎಡಗೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸತ್ಯವೇದ; ಬಲಗೈ ಚಾಚಿದಳು. ಬೋಟಿನ ಹುಡುಗ ಅಂಗೈ ಹಿಡಿಯಲಿಲ್ಲ, ಮುಂಗೈ ಹಿಡಿದು ಎಳೆದ. ಒದ್ದೆ ಅಂಗೈ ಜಾರುತ್ತದೆ ನೋಡು. ಎರಡು ಬಳೆ ಒಡೆದು ಚರ್ಮಕ್ಕೆ ಚುಚ್ಚಿದವು.

ಆಕೆ ಕೈ ಚಾಚಿದ್ದು ಕ್ರಿಯೆಯೋ? ಚಾಚುವ ತ್ರಾಣ ಬಂದದ್ದು ಯಾರಿಂದ? ಚಾಚದಿದ್ದರೆ ಹುಡುಗ ಬಿಟ್ಟುಹೋಗುತ್ತಿದ್ದನೋ? 1618ರಿಂದ 19ರವರೆಗೆ ಹಾಲೆಂಡಿನ ಡಾರ್ಟ್ ಊರಿನಲ್ಲಿ ದೊಡ್ಡ ದೊಡ್ಡ ಪಂಡಿತರು ಆರು ತಿಂಗಳು ಕೂತು ಬಿಡಿಸಲು ನೋಡಿದ ಗಂಟು ಹೆಚ್ಚು ಕಡಿಮೆ ಇದೇ. ನನಗೂ ಈ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಬಂದದ್ದು ದಂಡೆಗೆ ಮುಟ್ಟಿದ ಮೇಲೆ, ಆಕೆಯ ಕೈಗೆ ಅರಿಸಿನ ಹಚ್ಚುತ್ತಾ ಕೂತಾಗ.

ಹಾಗಾದರೆ ನಿನ್ನ ಓದು ಯಾವಾಗ ಬೇಕು? ಅದನ್ನೂ ಹೇಳುತ್ತೇನೆ. ಹುಕ್ಕೇರಿಯಲ್ಲಿ ನನ್ನ ತಂಗಿಯ ಕೂಸು ನಾಲ್ಕು ದಿನಕ್ಕೆ ಹೋಯಿತು. ದೀಕ್ಷಾಸ್ನಾನ ಆಗಿರಲಿಲ್ಲ. ಬಂದ ಒಬ್ಬ ಬೋಧಕರು, ಇಂಥ ಕೂಸಿನ ಗತಿಯ ಬಗ್ಗೆ ಯಾವ ಸಭೆಯವರು ಏನನ್ನುತ್ತಾರೆಂದು ಬಾಣಂತಿಯ ಮುಂದೆ ವಿವರಿಸಿದರು. ತಪ್ಪೇನೂ ಹೇಳಲಿಲ್ಲ. ಅವಳು ಗೋಡೆ ಕಡೆ ಹೊರಳಿ ಮಲಗಿದಳು. ಸಂಜೆ ನಮ್ಮ ಮುದಿ ಪಾದ್ರಿ ಸಾಹೇಬರು ಬಂದರು. "ಕೂಸಿನ ಹೆಸರೇನವಾ?" ಎಂದರು. ಇನ್ನೂ ಇಟ್ಟಿರಲಿಲ್ಲ. "ಈಗ ಇಡು" ಎಂದರು. ಅವಳು ಇಟ್ಟಳು. ಆ ಹೆಸರು ಹಿಡಿದೇ ಪ್ರಾರ್ಥನೆ ಮಾಡಿದರು, ಆ ಹೆಸರು ಹೇಳಿಯೇ ಮಣ್ಣು ಮಾಡಿದರು. ಅವರಿಗೆ ಗ್ರೀಕ್ ಬರುತ್ತಿತ್ತು ಎಂಬುದು ನಮಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಪುಸ್ತಕ ಕಟ್ಟಿಡುವಾಗ. ಅಂಚಿನ ತುಂಬ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಮೂವತ್ತು ವರ್ಷದ ಪ್ರಸಂಗಗಳಲ್ಲಿ ಒಂದು ಗ್ರೀಕ್ ಶಬ್ದ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಹಾಗೆ ಓದು. ಲೂಥರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಇದೇ ಕೃಪೆಯ ವಿಷಯಕ್ಕೆ ಒಂದು ಒಪ್ಪಂದಕ್ಕೆ ಬಂದರು. 2006ರಲ್ಲಿ ನಮ್ಮ ಮೆಥೋಡಿಸ್ಟರೂ ಸೇರಿದರು. ಆ ಕಾಗದ ಸಿಕ್ಕರೆ ಓದಿ ನನಗೂ ತಿಳಿಸು. ವಾದ ಬೇಕೆನಿಸಿದರೆ ನನ್ನೊಡನೆ ಮಾಡು, ನಿನ್ನ ಗೆಳೆಯರೊಡನೆ ಮಾಡು, ರಾತ್ರಿಯಿಡೀ ಮಾಡು. ಮೂಡಲಗಿಯ ಮನೆ ಪ್ರಾರ್ಥನೆಗೆ ಹೋದಾಗ ಮಾತ್ರ, ಕಬ್ಬು ಕಡಿದು ಕೈ ಕೊಯ್ದುಕೊಂಡು ಬಂದು ಕೂತವರನ್ನು ನೀವು ಯಾವ ಪಕ್ಷ ಎಂದು ಕೇಳಬೇಡ. ಅವರು ಏನಾದರೂ ಕೇಳಿದರೆ ಪೂರ್ತಿ ಕೇಳಿಸಿಕೊಂಡು ಆಮೇಲೆ ಬಾಯಿ ತೆರೆ.

ನಿನ್ನೆ ಸಂಜೆ ಆಯಿ ಟ್ರಂಕು ಮುಚ್ಚಿದಳು. "ಸಿಕ್ತ್ರಿ" ಎಂದಳು. ಏನು ಎಂದೆ. "ಬೋಟ ಬಂದ ದಿನಾ. ರಕ್ಷಣೆ ಮಾಡಿದ್ರಂತ ಪೇಪರಿನ್ಯಾಗೂ ಹಾಕಿದ್ರಲ್ಲ." ತಮಾಷೆಗೆ ಹೇಳಿದಳೋ ನಿಜಕ್ಕೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೂ ತಿಳಿಯಲಿಲ್ಲ. ಕ್ರಿಸ್‌ಮಸ್ಸಿಗೆ ಬಂದಾಗ ನಿನಗೂ ಅದನ್ನೇ ಹೇಳುತ್ತಾಳೆ. ತಿದ್ದಲು ಹೋಗಬೇಡ.

ನಿನ್ನ ಅಜ್ಜ